ಮರಿಸಿದ್ದಯ್ಯನವರನ್ನು ಇನ್ನೊಂಬತ್ತು ದಿನ ಬಿಟ್ಟಿರುವಂತೆ ನೆಗಡಿಯವರಲ್ಲಿ ಅರಿಕೆ

ಮಂಡ್ಯ
ಡಿಸೆಂಬರ್ ೬, ೧೯೭೪

ನಮ್ಮ ಹಾಸ್ಟೆಲಿನ ನಲವತ್ತೆರಡು ಮೂಗುಗಳ ಏಕೈಕ ಒಡೆಯರಾದ ಶ್ರೀ ನೆಗಡಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಒಂದು ಕೈಯಲ್ಲಿ ಕರ್ಚೀಫು ಇರುವುದರಿಂದ ಉಳಿದ ಒಂದೇ ಕೈಯನ್ನು ಮುಗಿದು, ಮೊದಲ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಯಾದ ರಾಮಾನುಜನು ಬರೆದುಕೊಳ್ಳುವುದೇನೆಂದರೆ, ತಾವು ಕ್ಷೇಮವಾಗಿದ್ದೀರೆಂಬುದು ರಾತ್ರಿಯಿಡೀ ಎಲ್ಲ ರೂಮುಗಳಿಂದಲೂ ಕೇಳಿಬರುತ್ತಿದೆ. ಏಳನೇ ವಯಸ್ಸಿನಿಂದ ಇಂಗ್ಲಿಷ್ ಶಾಲೆಯ ಹಾಸ್ಟೆಲಿನಲ್ಲೇ ಬೆಳೆದ ನನಗೆ ದೊಡ್ಡವರಿಗೆ ಕನ್ನಡದಲ್ಲಿ ಪತ್ರ ಬರೆಯುವ ಕ್ರಮ ಅಷ್ಟಾಗಿ ಗೊತ್ತಿಲ್ಲ, ತಪ್ಪಿದ್ದರೆ ಸಾರಿ.

ದೀಪಾವಳಿ ರಜೆ ಮುಗಿದ ದಿನ ತಾವು ಕೆರಗೋಡಿನ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಬಂದಿಳಿದು, ಮೂರನೇ ರೂಮಿನಲ್ಲಿ ಒಂದು ರಾತ್ರಿ ತಂಗಿ, ಬುಧವಾರದ ಹೊತ್ತಿಗೆ ವಾರ್ಡನ್ನರ ಮೂಗಿನವರೆಗೂ ಬಡ್ತಿ ಪಡೆದದ್ದನ್ನು ಕಂಡು ನಾವೆಲ್ಲ ಬೆರಗಾಗಿದ್ದೇವೆ. ಸೀನಿಯರ್, ಜೂನಿಯರ್ ಎಂಬ ಭೇದವಿಲ್ಲದೆ ಎಲ್ಲರನ್ನೂ ಒಂದೇ ರೀತಿ ನಡೆಸಿಕೊಂಡವರು ಈ ಹಾಸ್ಟೆಲಿನಲ್ಲಿ ತಾವೊಬ್ಬರೇ.

ಆದರೆ ಮಾನ್ಯರೇ, ನಮ್ಮ ಕಾಲೇಜಿನ ಲೈಬ್ರರಿ ಅಟೆಂಡರ್ ಮರಿಸಿದ್ದಯ್ಯನವರ ವಿಷಯದಲ್ಲಿ ಮಾತ್ರ ತಾವು ದೊಡ್ಡ ಮನಸ್ಸು ಮಾಡಬೇಕು. ಅವರು ಕಿಡ್ನಿ ಕಾಯಿಲೆಯಿಂದ ಮೂರು ತಿಂಗಳು ಮೈಸೂರಿನಲ್ಲಿ ಮಲಗಿದ್ದು ಎದ್ದು ಬಂದವರು. ಈಗ ನುಂಗುತ್ತಿರುವ ಮಾತ್ರೆಗಳು ಕಿಡ್ನಿಯನ್ನು ಕಾಯುತ್ತವೆಯಾದರೂ ಮೈಯ ಕಾವಲುಗಾರರನ್ನೆಲ್ಲ ಮಲಗಿಸಿಬಿಡುತ್ತವಂತೆ. ಕೆಮ್ಮುವವರ, ಸೀನುವವರ ಹತ್ತಿರ ಕೂರಲೇಬಾರದೆಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ನಮ್ಮ ಪ್ರಿನ್ಸಿಪಾಲರಾದ ವೆಂಕಟರಾಮಯ್ಯನವರೋ, ಒಂದು ತಿಂಗಳು ನೋಡುತ್ತೇವೆ, ಇನ್ನೊಂದೇ ದಿನ ಕಾಯಿಲೆ ರಜೆ ಹಾಕಿದರೂ ‘ಅನ್‌ಫಿಟ್’ ಎಂದು ಮನೆಗೆ ಕಳಿಸುತ್ತೇವೆ ಎಂದು ಆದೇಶ ಹೊರಡಿಸಿದ್ದಾರೆ. “ಮನೇಲಿ ಕುಂತ್ರೆ ಕಾಯ್ಲೆಗಿಂತ ಮುಂಚೆ ನಮ್ಮಾಕೆ ಬಾಯೇ ನನ್ನ ತಿಂದಾಕ್ಬುಡ್ತದೆ ಮಗ,” ಎಂದು ಅವರು ನಗುತ್ತಾರೆ. ಆದರೆ ಪೂರಿಗಾಲಿಯಲ್ಲಿರುವ ಇಬ್ಬರು ಹೆಣ್ಣುಮಕ್ಕಳ ಓದು ಅವರ ಈ ಕೆಲಸದ ಮೇಲೇ ನಿಂತಿದೆಯೆಂದು ನನಗೆ ಗೊತ್ತು.

ಅವರನ್ನು ಕಾಪಾಡಲು ನಾವು ಪಟ್ಟ ಪಾಡು ತಮ್ಮ ಕೆಲಸವನ್ನೇ ಹಗುರ ಮಾಡಿತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಕಾಯಿಲೆಯವರನ್ನು ನೋಡಿಕೊಂಡು ಬರದಿದ್ದರೆ ಈ ಊರಿನಲ್ಲಿ ಮನುಷ್ಯರ ಲೆಕ್ಕಕ್ಕೇ ಇಲ್ಲವಷ್ಟೆ? ಡಾಕ್ಟರ ಚೀಟಿಯ ಸುದ್ದಿ ಹರಡಿದ ದಿನವೇ ಆಫೀಸಿನ ಹನ್ನೊಂದು ಜನ ಕಿತ್ತಳೆಹಣ್ಣು ಹಿಡಿದು ಲೈಬ್ರರಿಗೆ ಬಂದು, ಅವರ ಹಣೆ ಮುಟ್ಟಿ, ಒಬ್ಬರಾದ ಮೇಲೊಬ್ಬರು ಕೆಮ್ಮಿ, “ಇನ್ಮೇಲೆ ನಾವ್ಯಾರೂ ನಿಮ್ಮತ್ರ ಬರಾಕಿಲ್ಲ ಅಂತ ಯೋಳೋಗವ ಅಂತ ಬಂದ್ವಿ ಕಣಯ್ಯ,” ಎಂದು ಭರವಸೆ ಕೊಟ್ಟು, ಆ ಭರವಸೆಯನ್ನು ವಿವರಿಸಲು ಮುಕ್ಕಾಲು ಗಂಟೆ ಅಲ್ಲೇ ಕೂತರು.

ಇದನ್ನು ಕಂಡು ಹೆದರಿದ ನಾನು ಒಂದು ನೋಟೀಸು ಬರೆದು ಅವರ ಮೇಜಿಗೆ ಅಂಟಿಸಿದೆ. ದೂರ ನಿಲ್ಲುವುದರ ಕಾರಣಗಳನ್ನೂ ಉಪಕಾರಗಳನ್ನೂ ಕ್ಷಮಾಪಣೆಗಳನ್ನೂ ಒಂದೇ ಪೋಸ್ಟ್‌ಕಾರ್ಡಿನಲ್ಲಿ ಹಿಡಿಸಬೇಕಾಗಿದ್ದರಿಂದ ಅಕ್ಷರ ಕೊಂಚ ಸಣ್ಣದಾಯಿತು. ಅದನ್ನು ಓದಲು ಇಡೀ ಕಾಲೇಜು ಮೇಜಿನ ಮೇಲೆ ಬಗ್ಗಿ, ಮರಿಸಿದ್ದಯ್ಯನವರ ಮೂಗಿನಿಂದ ಒಂದು ಗೇಣು ದೂರದಲ್ಲಿ ಉಸಿರಾಡಿತು. ಲೈಬ್ರರಿ ಗುಡಿಸುವ ಮುದ್ದಮ್ಮನವರು ಅದನ್ನು ಕಿತ್ತು ಕಸಕ್ಕೆ ಹಾಕಿ, “ಇದೇನ್ ಮಗ, ಇರುವೆ ಅರ್ದಂಗೆ ಬರ್ದಿದ್ದೀಯ! ದೂರ ನಿಲ್ಲಿ ಅಂತ ಯೋಳಾಕೆ ಅತ್ರ ಕರೀತಾರಾ ಯಾರಾರಾ?” ಎಂದರು.

ಆಮೇಲಿನ ಏರ್ಪಾಡೆಲ್ಲ ಅವರದೇ. ಮೇಜು ಕಿಟಕಿಯ ಪಕ್ಕಕ್ಕೆ ಹೋಯಿತು. ನಾವು ಹೊರಗೆ ಜಗಲಿಯಲ್ಲಿ ನಿಲ್ಲುವುದು, ಎರಡು ಮಾರುದ್ದದ ಬಿದಿರಿನ ಗಳದ ತುದಿಗೆ ಕಟ್ಟಿದ ಮೊರದಲ್ಲಿ ಚೀಟಿ ಒಳಗೆ, ಪುಸ್ತಕ ಹೊರಗೆ. ಫಿಸಿಕ್ಸ್ ಪುಸ್ತಕವೊಂದು ನನ್ನ ಕಾಲಿನ ಮೇಲೆ ಬಿದ್ದು ಗುರುತ್ವಾಕರ್ಷಣೆ ಮೊದಲ ಬಾರಿಗೆ ಅರ್ಥವಾಯಿತು.

ಪ್ರಿನ್ಸಿಪಾಲರ ಆ ಒಂದು ತಿಂಗಳಿನಲ್ಲಿ ಇನ್ನು ಒಂಬತ್ತು ದಿನವಷ್ಟೇ ಉಳಿದಿದೆ. ಆದ್ದರಿಂದ ತಾವು ಕಿಟಕಿಯಿಂದ ಆಚೆಗೇ ಇರಬೇಕು. ಒಳಗೆ ಹೋಗಲೇಬೇಕಿದ್ದರೆ ಲೈಬ್ರರಿ ಕಾರ್ಡು ಮಾಡಿಸಿ ಇಬ್ಬರು ಲೆಕ್ಚರರ ಸಹಿ ತರಬೇಕು. ಅಷ್ಟರವರೆಗೆ ನನ್ನ ಮೂಗಿನ ಎರಡು ಹೊಳ್ಳೆಗಳನ್ನೂ ಬಾಡಿಗೆಯಿಲ್ಲದೆ ಬಳಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಪರೀಕ್ಷೆಯ ದಿನಗಳಿಗೂ ಇದು ಅನ್ವಯಿಸುತ್ತದೆ. ಹೇಗೂ ನಾನು ಫೇಲಾಗುವ ಭಯದಲ್ಲೇ ಇದ್ದೇನೆ.

ಸೀನುಗಳ ನಡುವೆ ಸಿಕ್ಕ ಬಿಡುವಿನಲ್ಲಿ,
ತಮ್ಮ ವಿಶ್ವಾಸಿ (ಬೇರೆ ದಾರಿಯಿಲ್ಲದೆ),
ರಾಮಾನುಜ

ತಾ.ಕ.: ತಮ್ಮ ವಿಳಾಸ ಯಾರಿಗೂ ಗೊತ್ತಿಲ್ಲದೆ ಈ ಪತ್ರ ಹತ್ತು ದಿನ ನನ್ನ ಜೇಬಿನಲ್ಲೇ ಉಳಿಯಿತು, ಈಗ ಕಾಲೇಜ್ ಮ್ಯಾಗಜೀನಿಗೆ ಕೊಡುತ್ತಿದ್ದೇನೆ. ಗಡುವಿನ ಕೊನೆಯ ದಿನ ಪ್ರಿನ್ಸಿಪಾಲರು ಸೀನುತ್ತಲೇ ತಪಾಸಣೆಗೆ ಬಂದಾಗ ಮುದ್ದಮ್ಮನವರು ಪೊರಕೆ ಅಡ್ಡ ಹಿಡಿದು, “ಅಲ್ಲೇ ನಿಂತ್ಕಳಿ ಬುದ್ದಿ,” ಎಂದು ಹಾಜರಿ ಪುಸ್ತಕವನ್ನು ಮೊರದಲ್ಲಿ ಹೊರಗೆ ಕಳಿಸಿದರು. ಒಂದು ದಿನವೂ ರಜೆಯಿರಲಿಲ್ಲ. ಸಹಿ ಬಿತ್ತು, ಕೆಲಸ ಉಳಿಯಿತು. ಮರುದಿನ ಪ್ರಿನ್ಸಿಪಾಲರೇ ನೆಗಡಿಯೆಂದು ನಾಲ್ಕು ದಿನ ರಜೆ ಹಾಕಿದರು. ಅವರ ಆದೇಶದ ಪ್ರಕಾರ ಈಗ ಅವರನ್ನೇನು ಮಾಡುವುದೆಂದು ಮರಿಸಿದ್ದಯ್ಯನವರನ್ನು ಕಿಟಕಿಯಾಚೆಯಿಂದ ಕೇಳಿದ್ದಕ್ಕೆ, “ಪಾಪ, ಅಂಗೆಲ್ಲ ಬುಡಿಸ್ಬಾರ್ದು ಮಗ. ಅವ್ರುನ್ನೂ ಒಂದ್ ತಿಂಗ್ಳು ಇಟ್ಕಂಡು ನೋಡವ,” ಎಂದರು.