ಮಾಮನ ಬೆನ್ನ ಹಿಂದಿನ ಧೈರ್ಯ

ನೀಲಗಿರಿಯಲ್ಲೇ ಬೆನ್ನು ಅತ್ಯಂತ ನೆಟ್ಟಗಿರುವ ಮನುಷ್ಯ ಯಾರು ಎಂದು ನೀವು ಸೋಲೂರಿಗೆ ಬಂದು ಕೇಳಿ ನೋಡಿ, ಟೀ ಅಂಗಡಿಯಲ್ಲಿ ಕೂತವರೆಲ್ಲ ನಮ್ಮ ಮಾಮನ ಮನೆಯ ಕಡೆ ಕೈ ತೋರಿಸುತ್ತಾರೆ. ಯೋಗಾಸನವೇ? ಮಿಲಿಟರಿ ತರಬೇತಿಯೇ? ಎಂಥದ್ದೂ ಇಲ್ಲ! ಬೆಲ್ಟಿಗೂ ಬೆನ್ನುಮೂಳೆಗೂ ನಡುವೆ ಒಂದು ರಿವಾಲ್ವರ್ ಸಿಕ್ಕಿಸಿಕೊಂಡವರು ಬಗ್ಗುವುದಾದರೂ ಹೇಗೆ?

ಮಾಮ ಎಂದರೆ ನಮ್ಮ ಅವ್ವೆಯ ಒಬ್ಬನೇ ತಮ್ಮ. ಎಸ್ಟೇಟಿನಲ್ಲಿ ಮ್ಯಾನೇಜರಾಗಿದ್ದಾಗ ಕೂಲಿಯವರ ಸಂಬಳವನ್ನು ಊಟಿಯಿಂದ ಜೀಪಿನಲ್ಲಿ ತರಬೇಕಿತ್ತು. ಅದಕ್ಕೆಂದೇ ಅವರಿಗೆ ಲೈಸೆನ್ಸು ಸಿಕ್ಕಿತು. ಆಮೇಲೆ ಸಂಬಳ ನೇರ ಬ್ಯಾಂಕಿಗೆ ಹೋಗತೊಡಗಿತು, ಮಾಮ ರಿಟೈರಾದರು, ರಿವಾಲ್ವರ್ ಮಾತ್ರ ಇನ್ನೂ ಸರ್ವೀಸಿನಲ್ಲಿತ್ತು! ಮೊದಲು ಚೀಲದಲ್ಲಿರುತ್ತಿದ್ದದ್ದು ರಿಟೈರಾದ ಮೇಲೆ ಬೆನ್ನ ಹಿಂದಕ್ಕೆ ಬಡ್ತಿ ಪಡೆಯಿತು.

"ಪಕ್ಕದಲ್ಲಿಟ್ಟರೆ ಉಬ್ಬು ಕಾಣುತ್ತೆ. ಹಿಂದಿಟ್ಟರೆ ದೇವರಿಗೂ ಗೊತ್ತಾಗಲ್ಲ. ಆರಾಮ, ಸೇಫ್ಟಿ, ಎರಡೂ ಇದೆ" ಎನ್ನುತ್ತಿದ್ದರು ಮಾಮ. ದೇವರ ವಿಷಯ ನನಗೆ ತಿಳಿಯದು, ಸೋಲೂರು ಬಸ್ಸಿನ ಕಂಡಕ್ಟರಿಗಂತೂ ಚೆನ್ನಾಗಿ ಗೊತ್ತಿತ್ತು.

ಆರಾಮದ ಮಾತು ಹೇಳುತ್ತೇನೆ, ಕೇಳಿ. ಬಸ್ಸಿನಲ್ಲಿ ಮಾಮ ಸೀಟಿಗೆ ಒರಗುವಂತಿರಲಿಲ್ಲ. ಸೀಟಿನ ತುದಿಯಲ್ಲಿ ಕೂತು, ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ತಿರುವು ತಿರುವಿಗೂ ಹಲ್ಲು ಕಚ್ಚುತ್ತಿದ್ದರು. ಸೊಂಟ ನೋವೆಂದು ಊಟಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಬೆನ್ನು ಮುಟ್ಟಿದವರೇ ಒಂದು ಮಾರು ಹಿಂದೆ ಹಾರಿದರು. ಆಮೇಲೆ ಸಾವರಿಸಿಕೊಂಡು, "ಸಾರ್, ನೀವು ಹಿಂದಕ್ಕೆ ಜಾರಿ ಬಿದ್ದರೆ ಆ ಕಬ್ಬಿಣವೇ ಬೆನ್ನುಮೂಳೆ ಮುರಿಯುತ್ತೆ. ಕಳ್ಳ ಬೇಕಾಗಿಲ್ಲ!" ಎಂದರು. ಮಾಮ ಹೊರಗೆ ಬಂದು, "ಸಣ್ಣ ವಯಸ್ಸಿನ ಡಾಕ್ಟರು, ಅನುಭವ ಸಾಲದು" ಎಂದುಬಿಟ್ಟರು.

ಇನ್ನು ಸೇಫ್ಟಿ! ಒಂದು ಬೆಳಿಗ್ಗೆ ಟೀ ತೋಟದ ದಾರಿಯಲ್ಲಿ ಕಾಡೆಮ್ಮೆಯೊಂದು ನಮಗೆ ಎದುರಾಯಿತು. ಮಾಮ ಗಂಭೀರವಾಗಿ ಕೈ ಹಿಂದಕ್ಕೆ ಒಯ್ದರು. ಮೊದಲು ಶಾಲು ಸರಿಸಬೇಕು, ಆಮೇಲೆ ಕೋಟು ಎತ್ತಬೇಕು, ಅದರ ಕೆಳಗೆ ಸ್ವೆಟರು, ಅದರ ಕೆಳಗೆ ಶರಟು. ಊಟಿಯ ಚಳಿ ಎಂದರೆ ಸುಮ್ಮನೆಯೇ? ಸ್ವೆಟರಿಗೆ ಬರುವಷ್ಟರಲ್ಲಿ ಕಾಡೆಮ್ಮೆಗೆ ಬೇಸರ ಬಂದು ಹೊರಟೇ ಹೋಯಿತು.

"ನೋಡಿದೆಯಾ, ಹೆದರಿ ಓಡಿತು!"

"ಮಾಮ, ಗುಂಡು ತುಂಬಿಸಿದ್ದೀರಾ?"

"ಛೇ! ಗುಂಡು ತುಂಬಿಸಿ ಸೊಂಟದಲ್ಲಿಟ್ಟುಕೊಳ್ಳೋಕೆ ನನಗೇನು ಹುಚ್ಚಾ? ಅವೆಲ್ಲ ನಿಮ್ಮ ಅತ್ತೆಯ ಬೀರುವಿನಲ್ಲಿವೆ."

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನೀಲಗಿರಿಯ ನಮ್ಮ ಬಡಗ ಜನರಲ್ಲಿ ಹಿರಿಯರನ್ನು ಕಂಡರೆ ಕಿರಿಯರು ತಲೆ ಬಗ್ಗಿಸಬೇಕು. ಹಿರಿಯರು ತಲೆಯ ಮೇಲೆ ಕೈಯಿಟ್ಟು "ಬದುಕು, ಬದುಕು" ಎಂದು ಹರಸಬೇಕು. ತುಮ್ಮನಟ್ಟಿಯ ಒಂದು ಮದುವೆಯಲ್ಲಿ ಮಾಮ ಒಬ್ಬ ಅಜ್ಜನಿಗೆ ಬಗ್ಗಿದರು. ಕೋಟು ಮೇಲೇರಿತು, ರಿವಾಲ್ವರ್ ಠಣ್ಣೆಂದು ಸಿಮೆಂಟು ನೆಲಕ್ಕೆ ಬಿತ್ತು. ಹರಸಲು ಒಂದು ಕೈ ಎತ್ತಿದ್ದ ಅಜ್ಜ ಇನ್ನೊಂದನ್ನೂ ಮೇಲೆತ್ತಿಬಿಟ್ಟರು!

ಅಂದಿನಿಂದ ಮಾಮ ಯಾರಿಗೂ ಬಗ್ಗುತ್ತಿರಲಿಲ್ಲ. ನೆಟ್ಟಗೆ ನಿಂತು ಕೈ ಮುಗಿಯುತ್ತಿದ್ದರು, ಅಷ್ಟೇ. ಊರವರು ನಕ್ಕರು. ಅವ್ವೆ ನಗಲಿಲ್ಲ. ತಮ್ಮ ನಮ್ಮ ಮನೆಗೆ ಬಂದಾಗಲೆಲ್ಲ ಅವಳ ಕೈ ತಾನಾಗಿ ಮೇಲೇಳುತ್ತಿತ್ತು, ಆಮೇಲೆ ಸೆರಗು ಸರಿಮಾಡುವ ನೆಪದಲ್ಲಿ ಕೆಳಗಿಳಿಯುತ್ತಿತ್ತು. ಒಂದು ದಿನ ನನ್ನೆದುರು ಹೇಳಿಯೇಬಿಟ್ಟಳು: "ಅವನ ತಲೆ ಮೇಲೆ ಕೈಯಿಡೋಕೆ ಮನೆಯ ಹಿರಿಯರಲ್ಲಿ ಇನ್ನು ಉಳಿದಿರೋಳು ನಾನೊಬ್ಬಳೇ. ನಾನೂ ಹೋದ ಮೇಲೆ ಯಾರಿಗೆ ಬಗ್ಗುತ್ತಾನಂತೆ?"

ನಾನು ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾತಿಯಲ್ಲ. ಹೋಗಿ ಮಾಮನಿಗೆ ಹೇಳಿದೆ. ಅವರು ಏನಾದರೊಂದು ತಮಾಷೆಯ ಉತ್ತರ ಕೊಡುತ್ತಾರೆಂದು ಕಾದೆ. "ಅಕ್ಕ ಹಾಗೆ ಅಂದಳಾ?" ಎಂದಷ್ಟೇ ಕೇಳಿದರು.

ಮುಂದಿನ ಭಾನುವಾರ ಮನೆಗೆ ಬಂದರು. ಅವ್ವೆ ಎಂದಿನಂತೆ "ಕೂರು, ಕಾಪಿ ತರ್ತೀನಿ" ಎಂದು ಒಳಗೆ ತಿರುಗಿದಳು.

"ಅಕ್ಕ, ನಿಲ್ಲು."

ಮಾಮ ಟೋಪಿ ತೆಗೆದು, ಅವಳ ಮುಂದೆ ಪೂರ್ತಿ ಬಗ್ಗಿದರು. ಅವ್ವೆ ಒಂದು ಕೈಯಿಂದ ಮೆಲ್ಲಗೆ ಅವರ ಬೆನ್ನು ಸವರಿದಳು.

"ಅದು ಎಲ್ಲೋ?"

"ಇಲ್ಲ ಅಕ್ಕ. ಸ್ಟೇಷನ್ನಿಗೆ ಒಪ್ಪಿಸಿ ಬಂದೆ. ಲೈಸೆನ್ಸೂ ಬೇಡ ಅಂದೆ."

ಅವ್ವೆ ಎರಡೂ ಕೈಗಳನ್ನು ತಮ್ಮನ ನರೆತ ತಲೆಯ ಮೇಲಿಟ್ಟಳು. "ಬದುಕು, ಬದುಕು" ಎಂದಳು. ಕಣ್ಣಲ್ಲಿ ನೀರು ಸುರಿಯಿತು. ಕೈ ಮಾತ್ರ ತೆಗೆಯಲಿಲ್ಲ.

ನನಗೆ ಮಾಮನ ಸೊಂಟದ ಚಿಂತೆ. "ಅವ್ವೆ, ಸಾಕು ಬಿಡು, ಅವರಿಗೆ ನೋವಾಗುತ್ತೆ" ಎಂದೆ.

ಬಗ್ಗಿದಲ್ಲಿಂದಲೇ ಮಾಮ ಹೇಳಿದರು: "ನೀನು ಸುಮ್ಮನಿರು. ಇನ್ನೂ ಸ್ವಲ್ಪ ಹೊತ್ತು ಇರಲಿ."