ಬಂಗಾರ ಹುಡುಕುವ ಯಂತ್ರವೂ ನಾನೂ

ಚಿಂತೆ ಮಾಡುವುದೂ ಒಂದು ಕಸುಬು ಎಂದು ಜನ ಒಪ್ಪುವುದಿಲ್ಲ. ಒಪ್ಪಿದ್ದರೆ ನಾನು ಇಷ್ಟು ಹೊತ್ತಿಗೆ ಅದರಲ್ಲಿ ಬಡ್ತಿಯ ಮೇಲೆ ಬಡ್ತಿ ಪಡೆದು ದೊಡ್ಡ ಕುರ್ಚಿಯಲ್ಲಿ ಕುಳಿತಿರುತ್ತಿದ್ದೆ. ಶಿಗ್ಗಾವಿಯ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿರುವುದು ಹೊಟ್ಟೆಪಾಡಿಗೆ ಮಾತ್ರ. ಮನಸ್ಸಿಟ್ಟು ಮಾಡುವ ಕೆಲಸ ಚಿಂತೆಯೇ. ಬಸ್ಸು ಹತ್ತಿದರೆ ಡ್ರೈವರನ ಕಣ್ಣು ನೋಡುತ್ತೇನೆ, ನಿದ್ದೆಗೆಟ್ಟಿದ್ದಾನೋ ಏನೋ ಎಂದು. ಅವನು ಚುರುಕಾಗಿ ಕಂಡಕ್ಟರನ ಜೊತೆ ಹರಟುತ್ತಿದ್ದರೆ, ಮಾತಿನ ಭರದಲ್ಲಿ ರಸ್ತೆ ಮರೆತಾನು ಎಂದು ಹೆದರುತ್ತೇನೆ. ನನ್ನ ಹೆಂಡತಿ ಲೀಲಾ ಈ ಸ್ವಭಾವವನ್ನು ಸಕ್ಕರೆ ಕಾಯಿಲೆಯಂತೆ ಸ್ವೀಕರಿಸಿದ್ದಾಳೆ. ವಾಸಿಯಾಗುವುದಿಲ್ಲ, ಜೋಪಾನವಾಗಿ ಇಟ್ಟುಕೊಂಡು ಬಾಳಬೇಕು ಅಷ್ಟೆ.

ಹೀಗಿರುವ ನನ್ನನ್ನು ಭೂಮಿಯಲ್ಲಿ ಬಂಗಾರ ಹುಡುಕಲು ಕರೆದರೆ ಏನಾಗಬೇಡ? ಕರೆದವನು ನನ್ನ ಹೆಂಡತಿಯ ತಮ್ಮ ಈರಣ್ಣ. ಅವನ ಊರು ಹಿರೇಕೆರೂರಿನ ಕಡೆಯ ಒಂದು ಹಳ್ಳಿ. ಗುಡ್ಡದ ಬುಡದಲ್ಲಿ ಹೊಲ, ಕುಂಕುಮದಂಥ ಕೆಂಪು ಮಣ್ಣು, ಅದರ ತುಂಬ ಕರಿ ಗೋಲಿಗಳಂಥ ಕಬ್ಬಿಣದ ಹರಳುಕಲ್ಲು. ಹಿಂದಿನ ಕಾಲದಲ್ಲಿ ಆ ಕಡೆಯ ಹಳ್ಳಗಳಲ್ಲಿ ಮಳೆಗಾಲ ಮುಗಿದ ಮೇಲೆ ಮರಳು ಜಾಲಿಸಿ ಬಂಗಾರದ ಪುಡಿ ತೆಗೆಯುತ್ತಿದ್ದರಂತೆ ಎಂದು ಹಳೆಯ ಮಂದಿ ಹೇಳುತ್ತಾರೆ. ಈರಣ್ಣ ಅದನ್ನು ಕೇಳಿಯೇ ಬೆಳೆದವನು. ಈಚೆಗೆ ಮೊಬೈಲಿನಲ್ಲಿ ಯಾವುದೋ ದೇಶದ ಮನುಷ್ಯರು ಕೆಂಪು ಬಯಲಿನಲ್ಲಿ ಯಂತ್ರ ಆಡಿಸಿ ಹುಣಸೆ ಬೀಜದಂಥ ಬಂಗಾರದ ಗಟ್ಟಿ ಎತ್ತುವುದನ್ನು ನೋಡಿದ. "ಮಾಮಾ, ಅಲ್ಲೀ ಮಣ್ಣೂ ಕೆಂಪ, ನಮ್ಮ ಮಣ್ಣೂ ಕೆಂಪ" ಎಂದು ಫೋನಿನಲ್ಲಿ ಹೇಳಿದ. ಇಷ್ಟೇ ಅವನ ಭೂವಿಜ್ಞಾನ. ಹಾನಗಲ್ಲಿನಲ್ಲಿ ಯಾರೋ ಕೊಂಡು, ಬೇಸತ್ತು, ಮೂಲೆಗೆ ಎಸೆದಿದ್ದ ಒಂದು ಯಂತ್ರವನ್ನು ತಂದೇಬಿಟ್ಟ.

ತಂದಿದ್ದರೆ ತರಲಿ, ನನಗೇನು ಎಂದು ಇರಬಹುದಿತ್ತು. ಆದರೆ ಅವನ ಲೆಕ್ಕಾಚಾರ ಯಂತ್ರದಲ್ಲಿ ಮುಗಿಯಲಿಲ್ಲ. ಹೊಲದ ಕೆಳಗಿನ ತುಂಡಿನಲ್ಲಿ ಒಂದೇ ಒಂದು ಬಂಗಾರದ ಹರಳು ಸಿಕ್ಕರೂ ಸಾಕು, ಮಣ್ಣು ಅಗೆಯುವ ಹಳದಿ ಯಂತ್ರ ಕರೆಸಿ ಇಡೀ ತುಂಡನ್ನು ಮಗುಚಿ ಹಾಕುವುದು ಎಂದು ಅವನು ನಿಶ್ಚಯಿಸಿದ್ದ. ಆ ತುಂಡಿನಲ್ಲಿ ಇದ್ದದ್ದು ನನ್ನ ಅತ್ತೆ ಗೌರವ್ವನ ಮೆಣಸಿನ ಗಿಡ. ಮಗನ ಹೆಸರಿಗೆ ಹೊಲ, ಆದರೆ ಮೆಣಸಿನ ಗಿಡ ಅವರ ಸ್ವಂತದ್ದು. ಸಸಿ ಹಚ್ಚಿದ್ದು, ಕಳೆ ಕಿತ್ತದ್ದು, ಕೊಡ ಹೊತ್ತು ನೀರುಣಿಸಿದ್ದು ಎಲ್ಲ ಅವರೇ. ಗಿಡ ಬಿಳೀ ಹೂ ಬಿಟ್ಟು ನಿಂತಿತ್ತು. ಮಗ ಕಾಡಿದ, ಅತ್ತೆ ಬೇಡವೆಂದರು, ಮಗ ಊಟ ಬಿಟ್ಟ. ಕೊನೆಗೆ ಅತ್ತೆ, "ಸೀಗಿ ಹುಣ್ಣಿವಿಗೆ ಅಳ್ಯಾರು ಬರ್ತಾರ. ನಾಕು ಅಕ್ಷರ ಕಲ್ತಾರ. ಅವರು ಹೂಂ ಅಂದ್ರ ಅಗಸು, ಊಹೂಂ ಅಂದ್ರ ಬಾಯಿ ಮುಚ್ಚು" ಎಂದುಬಿಟ್ಟರು.

ನಾನು ಹೂಂ ಅಥವಾ ಊಹೂಂ ಎನ್ನಬೇಕು! ಹೋಟೆಲಿನಲ್ಲಿ ಚಹಾವೋ ಕಾಫಿಯೋ ಎಂದರೆ ಪಕ್ಕದವರ ಮುಖ ನೋಡುವ ಮನುಷ್ಯ ನಾನು. ಹಬ್ಬದ ಹಿಂದಿನ ದಿನ ಹಾನಗಲ್ಲಿನ ಮೇಲಿಂದ ಹೋಗುವ ಬಸ್ಸಿನಲ್ಲಿ, ತೊಡೆಯ ಮೇಲೆ ಅತ್ತೆಗೆಂದು ತಂದ ಸವಣೂರಿನ ಖಾರದ ತಿಂಡಿಯ ಪೊಟ್ಟಣ ಇಟ್ಟುಕೊಂಡು, ದಾರಿಯುದ್ದಕ್ಕೂ ಎರಡೂ ಕಡೆಯ ಅನಾಹುತಗಳನ್ನು ಯೋಚಿಸಿದೆ. ಹೂಂ ಎಂದು ಬಂಗಾರ ಸಿಗದಿದ್ದರೆ ಅತ್ತೆಯ ಮೆಣಸಿನಕಾಯಿ ಹೋಯಿತು. ಊಹೂಂ ಎಂದರೆ ಭಾವಮೈದುನ ಜೀವಮಾನವಿಡೀ, ನನ್ನ ಲಕ್ಷ್ಮಿಯನ್ನು ಒದ್ದವರು ಇವರೇ ಎಂದು ನೆಂಟರಿಗೆಲ್ಲ ತೋರಿಸುತ್ತಾನೆ. ಬಂಗಾರ ಸಿಕ್ಕರಂತೂ ಇನ್ನೂ ಕಷ್ಟ. ಭೂಮಿಯೊಳಗಿನದು ಸರ್ಕಾರದ್ದಲ್ಲವೇ? ಸಾಹೇಬರು ಬಂದು, "ಅಗೆಯಲು ಹೂಂ ಅಂದವರು ಯಾರು?" ಎಂದರೆ ಎಲ್ಲರ ಬೆರಳೂ ನನ್ನ ಕಡೆಗೇ. ಚಿಂತೆಯಲ್ಲಿ ಕೈ ತಾನಾಗಿ ಪೊಟ್ಟಣ ಬಿಚ್ಚಿತ್ತು. ಹಿರೇಕೆರೂರು ಬರುವ ಹೊತ್ತಿಗೆ ಖಾರ ಅರ್ಧವಾಗಿತ್ತು. ಲೀಲಾ, "ಅವ್ವಗ ಕಾಗದಾದ್ರೂ ಉಳಸ್ರಿ" ಎಂದಳು.

ಹುಣ್ಣಿಮೆಯ ಬೆಳಿಗ್ಗೆ ಹೆಂಗಸರು ಅಡುಗೆಯಲ್ಲಿದ್ದರು. ಸೀಗಿ ಹುಣ್ಣಿಮೆ ಎಂದರೆ ನಮ್ಮ ಕಡೆ ಭೂಮಿತಾಯಿಯ ಸೀಮಂತ. ಪೈರು ಹೊತ್ತು ನಿಂತ ಭೂಮಿ ಬಸುರಿ ಹೆಂಗಸು. ಅವಳ ಬಯಕೆ ತೀರಿಸಲು ಕಡುಬು, ಹೋಳಿಗೆ, ಬುತ್ತಿ, ಪಲ್ಯ ಎಲ್ಲ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ, ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಎಡೆಯನ್ನು ಹೊಲದ ತುಂಬ ಚರಗವೆಂದು ಚೆಲ್ಲುತ್ತೇವೆ. ಅವರು ಬುಟ್ಟಿ ತುಂಬಿಕೊಂಡು ಬರುವುದರೊಳಗೆ ಒಂದು ಸುತ್ತು ಹುಡುಕಿಬಿಡೋಣ ಎಂದು ಈರಣ್ಣ ನನ್ನನ್ನು ಎಳೆದುಕೊಂಡು ಮುಂದೆ ಹೋದ.

ಯಂತ್ರವೆಂದರೆ ಒಂದು ಉದ್ದ ಕೋಲು, ಅದರ ತುದಿಗೆ ಹೋಳಿಗೆಯ ಹಂಚಿನಂಥ ಚಪ್ಪಟೆ ತಟ್ಟೆ, ಮೇಲೆ ಗುಂಡಿಗಳಿದ್ದ ಡಬ್ಬಿ. ತಟ್ಟೆಯನ್ನು ನೆಲದ ಮೇಲೆ ಎರಡು ಬೆರಳು ಎತ್ತರದಲ್ಲಿ ಅತ್ತಿತ್ತ ಆಡಿಸಬೇಕು. ಲೋಹ ಇದ್ದರೆ ಕೂಗುತ್ತದೆ. ಈರಣ್ಣ ಗುಂಡಿ ಒತ್ತಿದ. ಅದು ಕೂಗಿತು. ಒಂದು ಹೆಜ್ಜೆ ಇಟ್ಟ. ಕೂಗಿತು. ತಿರುಗಿ ನಿಂತ. ಚೀರಿತು. ನೆಲದಲ್ಲೆಲ್ಲ ಕಬ್ಬಿಣದ ಅಂಶ ಇರುವಾಗ ಯಂತ್ರಕ್ಕೆ ಪಾಪ ಬಂಗಾರ ಯಾವುದು ಬರೀ ಮಣ್ಣು ಯಾವುದು ತಿಳಿಯುವುದಿಲ್ಲ. ಎಲ್ಲದಕ್ಕೂ ಗಾಬರಿ. ಕೇಳಿದವರು ಇಲ್ಲಿ ಯಾರದೋ ಮಗು ಕಳೆದಿದೆ ಎಂದುಕೊಳ್ಳಬೇಕು. ನನಗೆ ಆ ಯಂತ್ರದ ಮೇಲೆ ತಟ್ಟನೆ ಮಮತೆ ಹುಟ್ಟಿತು. ಇಷ್ಟು ವರ್ಷಕ್ಕೆ ನನ್ನ ಜಾತಿಯದೊಂದು ಸಿಕ್ಕಿತ್ತು.

"ಮಣ್ಣಿನ ರೂಢಿ ಮಾಡಿಸಬೇಕಂತ್ರಿ ಮಾಮಾ" ಎಂದು ಈರಣ್ಣ ಮೊಬೈಲು ನೋಡುತ್ತ ಹೇಳಿದ. ತಟ್ಟೆಯನ್ನು ನೆಲದ ಹತ್ತಿರ ತರುವುದು, ಮೇಲೆತ್ತುವುದು, ಮತ್ತೆ ತರುವುದು. ಒಂದು ಗುಂಡಿ ಒತ್ತಿ ಹಿಡಿದು ಹೀಗೇ ಮಾಡುತ್ತಿದ್ದರೆ, ಇದು ಬರೀ ನೆಲ, ಹೆದರುವಂಥದ್ದೇನೂ ಅಲ್ಲ ಎಂದು ಯಂತ್ರ ಮೆಲ್ಲಗೆ ಕಲಿಯುತ್ತದಂತೆ. ಅವನು ಬಾವಿಯ ನೀರು ಸೇದುವವನಂತೆ ಕೋಲನ್ನು ಎತ್ತಿ ಇಳಿಸಿದ. ಚೀರಾಟ ನರಳಾಟವಾಯಿತು, ನರಳಾಟ ಗೊಣಗಾಟವಾಯಿತು. ಆಮೇಲೆ ಇನ್ನೊಂದು ಗುಂಡಿ ತಿರುಗಿಸಿ ಅದರ ಸೂಕ್ಷ್ಮತೆಯನ್ನು ಒಂದಿಷ್ಟು ಇಳಿಸಿದ. ಗೊಣಗಾಟವೂ ಕಡಿಮೆಯಾಯಿತು. ಇಂಥ ಗುಂಡಿ ನನಗೆಲ್ಲಿದೆ ಎಂದು ನಾನು ಅಂಗಿಯ ಮೇಲಿಂದಲೇ ಎದೆ ಮುಟ್ಟಿ ನೋಡಿಕೊಂಡೆ.

ಹೊತ್ತೇರುವ ತನಕ ನಾವು ಅಗೆದು ತೆಗೆದದ್ದು ಇಷ್ಟು: ಎತ್ತಿನ ಲಾಳದ ಮೊಳೆಗಳು, ಕುಂಟೆಯ ಮುರುಕು, ಗುಟಕಾ ಚೀಟಿಯ ಬೇಗಡೆ, ಟ್ರ್ಯಾಕ್ಟರಿನದೊಂದು ನಟ್ಟು. ಉಳಿದದ್ದೆಲ್ಲ ಕರಿಯ ಹರಳುಕಲ್ಲು. ಈರಣ್ಣ ಒಡೆದ ಸ್ಪೀಕರಿನ ಅಯಸ್ಕಾಂತವನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದ. ಯಂತ್ರ ಕೂಗಿದ ಕಲ್ಲನ್ನು ಅದಕ್ಕೆ ಹಿಡಿಯುವುದು, ಅದು ಟಕ್ ಎಂದು ಅಂಟಿದರೆ ಬಯ್ದು ಎಸೆಯುವುದು. ಬದುವಿನ ಮೇಲೆ ಹಾದುಹೋದ ಪಕ್ಕದ ಹೊಲದ ಬಸಪ್ಪ ನಿಂತು ನೋಡಿ, "ಏನ್ರಿ ಅಳ್ಯಾರ, ಹೊಲಾ ಕಸಾ ಗುಡಸಾಕತ್ತೀರೇನು? ನಮ್ಮದೂ ಐತಿ, ಬರ್ರಿ" ಎಂದ. ನಾನು ಗೊಟಗೋಡಿಯ ಶಿಲ್ಪವನದ ಸಿಮೆಂಟು ಗೊಂಬೆಯ ಹಾಗೆ ಗುದ್ದಲಿ ಹಿಡಿದು ಅಲುಗದೆ ನಿಂತೆ. ನಿಧಿ ಅಗೆಯುವವರೆಂದು ಊರಲ್ಲಿ ಸುದ್ದಿ ಹಬ್ಬಿಸಿದರೆ ಏನು ಗತಿ?

ಮೆಣಸಿನ ತುಂಡಿನ ಅಂಚಿನ ಬನ್ನಿ ಗಿಡದ ಬುಡಕ್ಕೆ ಬಂದಾಗ ಯಂತ್ರ ಬೇರೆ ದನಿಯಲ್ಲಿ ಮಾತಾಡಿತು. ಚೀರಾಟವಲ್ಲ, ಹರಕು ಮುರುಕು ಗೊರಗೊರವಲ್ಲ. ಸಣ್ಣಗೆ, ಮೆತ್ತಗೆ, ದೂರದಲ್ಲಿ ಯಾರೋ ಕೊಳಲು ಊದಿದಂತೆ. ಎಡದಿಂದ ಆಡಿಸಿದರೂ ಅದೇ ದನಿ, ಬಲದಿಂದ ಆಡಿಸಿದರೂ ಅದೇ. ಈರಣ್ಣನ ಮುಖ ಬಿಳಿಚಿಕೊಂಡಿತು. ಇಬ್ಬರೂ ಮೊಣಕಾಲೂರಿ ಬೆರಳಲ್ಲೇ ಮಣ್ಣು ಕೆದಕಿದೆವು. ಒಂದು ಗೇಣು ಆಳದಲ್ಲಿ, ಕಡಲೆ ಕಾಳಿನಷ್ಟು ದೊಡ್ಡ ಒಂದು ಹಳದಿ ಹರಳು. ಅಯಸ್ಕಾಂತಕ್ಕೆ ಹಿಡಿದರೆ ಅಂಟಲಿಲ್ಲ. ಅಂಗಿಗೆ ಉಜ್ಜಿದರೆ ಹೊಳೆಯಿತು.

"ಮಾಮಾ! ಬಂಗಾರ! ಹೂಂ ಅನ್ರಿ ಮಾಮಾ!" ಈರಣ್ಣ ನನ್ನ ಭುಜ ಹಿಡಿದು ಅಲುಗಾಡಿಸಿದ. ಒಂದು ಕೈಯಲ್ಲಿ ಆಗಲೇ ಮೊಬೈಲು ಬಂದಿತ್ತು. "ಹಳದಿ ಗಾಡಿಯಂವ ಹಂಸಬಾವಿಯಾಗ ಅದಾನ, ಒಂದ್ ತಾಸಿನಾಗ ಬರ್ತಾನ. ಹೂಂ ಅನ್ರಿ!"

ನಾನು ಮೆಣಸಿನ ಗಿಡ ನೋಡಿದೆ. ಬಿಳೀ ಹೂಗಳು ಗಾಳಿಗೆ ತಲೆಯಾಡಿಸುತ್ತಿದ್ದವು, ಬೇಡ ಬೇಡ ಎನ್ನುವಂತೆ. ಈರಣ್ಣನನ್ನು ನೋಡಿದೆ. ಅವನೂ ತಲೆಯಾಡಿಸುತ್ತಿದ್ದ, ಬೇಕು ಬೇಕು ಎನ್ನುವಂತೆ. "ಅಲ್ಲೋ, ಸರ್ಕಾರ..." ಎಂದೆ. "ಸರ್ಕಾರ ಆಮ್ಯಾಲೆ ನೋಡೂಣು" ಎಂದ. "ಪೊಲೀಸರು..." ಎಂದೆ. "ಪೊಲೀಸ್ರಿಗೂ ಒಂದ್ ಉಂಗುರಾ ಮಾಡಸೂಣು" ಎಂದ. ನಾನು ಬಾಯಿ ತೆರೆದೆ. ಅದರಿಂದ ಹೂಂ ಹೊರಡುತ್ತಿತ್ತೋ ಊಹೂಂ ಹೊರಡುತ್ತಿತ್ತೋ ದೇವರಾಣೆ ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಬುಟ್ಟಿ ಹೊತ್ತ ಅತ್ತೆಯೂ ಲೀಲಾಳೂ ಬದು ದಾಟಿ ಬಂದರು.

ಈರಣ್ಣ ಅಂಗೈ ಚಾಚಿದ. ಅತ್ತೆ ಹರಳನ್ನು ನೋಡಿದರು, ಅಗೆದ ಕುಣಿ ನೋಡಿದರು, ಬುಟ್ಟಿ ಇಳಿಸಿ ಮಗನ ಬೆನ್ನಿಗೆ ಒಂದು ಗುದ್ದಿದರು.

"ಹಾಟ್ಯಾ! ಬಸುರಿ ಉಡಿಯಾಗ ಹಾಕಿದ್ದು ಕಸಗೊಂಡ್ಯಲ್ಲೋ! ಅದು ಭೂಮಿಯಾಗ ಹುಟ್ಟಿದ್ದಲ್ಲ, ನಾನ ಹುಗದದ್ದು. ನನ್ನ ಕಿವಿಯಾಗಿನ ಮುರುಕ ಬೆಂಡೋಲಿ ಪತ್ತಾರ್‍ನ ಕಡೆ ಕರಗಿಸಿ ಗುಂಡ ಮಾಡಿಸಿ, ಹರಕಿ ಹೊತ್ತು ಭೂಮಿತಾಯಿಗೆ ಕೊಟ್ಟದ್ದು!"

ಈರಣ್ಣನ ಮೊಬೈಲು ಕಿಸೆಗೆ ಹೋಯಿತು. ಯಂತ್ರ ಅವನ ಕಾಲ ಬುಡದಲ್ಲಿ ತಾನೇ ಒಮ್ಮೆ ಕುಯ್ ಎಂದಿತು. "ಯಾಕ ಹುಗದಿ? ಏನ್ ಹರಕಿ?" ಎಂದ, ಅಳುವ ದನಿಯಲ್ಲಿ.

ಅತ್ತೆ ಸೆರಗು ಸರಿಮಾಡಿಕೊಂಡರು. ನನ್ನ ಕಡೆ ನೋಡಲಿಲ್ಲ. "ಹರಕಿ ಬಾಯಿಬಿಟ್ಟು ಹೇಳಬಾರದು."

"ಹೇಳಬೇ" ಎಂದಳು ಲೀಲಾ.

"ಇವರ ಸಲುವಾಗಿ ಅವ್ವಾ" ಎಂದರು ಅತ್ತೆ, ಬುಟ್ಟಿಯ ಕಡೆ ಮುಖಮಾಡಿ ನನ್ನ ಕಡೆ ಬೆರಳು ಮಾಡಿ. "ಮದಿವಿ ಆಗಿ ಮೊದಲ್ನೇ ಸೀಗಿ ಹುಣ್ಣಿವಿಗೆ ಬಂದಿದ್ರಲ್ಲ, ಇದ ಗಿಡದ ಬುಡಕ ಊಟಕ್ಕ ಕುಂತಿದ್ರು. ತುತ್ತಿಗೊಮ್ಮೆ ಮ್ಯಾಲ ನೋಡೂದು. ಟೊಂಗಿ ಮುರದು ಬಿದ್ರ ಅಂತ. ಹೋಳಗಿ ಒಳಗ ಕಲ್ಲ ಇದ್ರ ಅಂತ ಹರದು ಹರದು ನೋಡಿ ತಿಂದ್ರು. ನನ್ನ ಎದಿ ಧಸಕ್ಕಂತು. ನನ್ನ ಮಗಳು ಇಂಥವರ ಕೂಡ ಜಲ್ಮ ಹೆಂಗ ತಗೀತಾಳ? ಅದಕ್ಕ ಬೇಡ್ಕೊಂಡೆ. ತಾಯೀ, ನೀ ಬಸುರಿ ಅದಿ, ನಿನಗ ಬಂಗಾರ ಕೊಡ್ತೇನಿ, ಅಳ್ಯಾರ ಚಿಂತಿ ಕಳೀ ಅಂತ."

ಮೊದಲು ನಕ್ಕವಳು ಲೀಲಾ. ಬನ್ನಿ ಗಿಡ ಹಿಡಿದುಕೊಂಡು, ಕಣ್ಣೀರು ಬರುವ ತನಕ ನಕ್ಕಳು. ಆಮೇಲೆ ಈರಣ್ಣನೂ ತನ್ನ ದುಃಖ ಮರೆತು ನಕ್ಕ. "ಮಾಮಾ, ಇಷ್ಟು ವರ್ಷ ಭೂಮಿತಾಯಿ ಬಂಗಾರ ಇಟಗೊಂಡು ಕೆಲಸಾನ ಮಾಡಿಲ್ಲಲ್ರಿ!" ನಾನೂ ನಗಬೇಕಾಯಿತು. ಒಳಗೊಳಗೆ ಕಣ್ಣು ತುಂಬಿ ಬಂದಿತ್ತು ಎಂಬುದು ನಿಜ. ನನಗಾಗಿ ಚಿಂತೆ ಮಾಡುವ ಇನ್ನೊಂದು ಜೀವ ಇತ್ತು ಎಂಬುದು ನನಗೆ ಗೊತ್ತೇ ಇರಲಿಲ್ಲ.

ಮೆಣಸಿನ ಗಿಡ ಉಳಿಯಿತು. ಅಗೆಯುವ ಮಾತು ಮತ್ತೆ ಬರಲಿಲ್ಲ. ಅತ್ತೆ ಹರಳನ್ನು ಹಾಲಿನಲ್ಲಿ ತೊಳೆದು ಕುಣಿಯ ಮುಂದೆ ಕುಳಿತವರು, ಏನೋ ಯೋಚಿಸಿ ಕೈ ತಡೆದರು.

"ಹಂಗ ಇಟ್ರ ನಡ್ಯಾಂಗಿಲ್ಲ. ಬಾಯಿಬಿಟ್ಟು ಹೇಳಿದ ಮ್ಯಾಲ ಹಳೇ ಹರಕಿ ಮುಗೀತು. ಅದೂ ಅಲ್ದ, ಆವತ್ತ ತಪ್ಪಿದ್ದು ಎಲ್ಲಿ ಅಂತ ಈಗ ತಿಳೀತು. ಚಿಂತಿ ಅವರದು, ಬಂಗಾರ ನಂದು. ತಾಯಿಗಿ ಹೆಂಗ ಗೊತ್ತಾಗಬೇಕು ಯಾರದ ಕಳೀಬೇಕು ಅಂತ?"

ಮೂವರೂ ನನ್ನ ಕೈ ನೋಡಿದರು. ಬೆರಳಲ್ಲಿ ಮದುವೆಯ ಉಂಗುರ ಇತ್ತು. ನಾನು ಕೈ ಹಿಂದೆ ಮಾಡಿಕೊಳ್ಳುವುದರೊಳಗೆ ಲೀಲಾ ಹೋಳಿಗೆಗೆ ತಂದ ತುಪ್ಪದಲ್ಲಿ ಬೆರಳದ್ದಿ ನನ್ನ ಬೆರಳಿಗೆ ಸವರಿದಳು. ಉಂಗುರ ಜಾರಿ ಬಂತು. ಅತ್ತೆ ಅದನ್ನೂ ಹರಳನ್ನೂ ಒಟ್ಟಿಗೆ ಇಟ್ಟು, ಅರಿಶಿನ ಕುಂಕುಮ ಏರಿಸಿ, ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿ ಸಮ ಮಾಡಿದರು. ಅದರ ಮೇಲೆ ಐದು ಕಲ್ಲು. ಪೂಜೆಯಾಯಿತು. ಚರಗ ಚೆಲ್ಲಿದೆವು. ಊಟಕ್ಕೆ ಕುಳಿತಾಗ ಮೂವರೂ ನನ್ನನ್ನೇ ನೋಡುತ್ತಿದ್ದುದರಿಂದ ಒಮ್ಮೆಯೂ ಟೊಂಗೆಯ ಕಡೆ ಕಣ್ಣೆತ್ತದೆ ಉಂಡೆ.

ಈಗ ಶಿಗ್ಗಾವಿಗೆ ಬಂದು ಬಹಳ ದಿನವಾಯಿತು. ಹರಕೆ ಫಲಿಸಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಮನೆಯ ಗ್ಯಾಸು ಆರಿಸಿದೆವೋ ಇಲ್ಲವೋ ಎಂಬ ಚಿಂತೆ ಹೋಗಿದೆ, ಡ್ರೈವರನ ಕಣ್ಣಿನ ಚಿಂತೆ ಹೋಗಿದೆ, ಆಫೀಸಿನ ಕಪಾಟಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗುವುದೂ ನಿಂತಿದೆ. ಲೀಲಾ ಫೋನು ಮಾಡಿ ತಾಯಿಗೆ ಈ ಸುದ್ದಿಯನ್ನೆಲ್ಲ ಹೆಮ್ಮೆಯಿಂದ ಹೇಳಿದ್ದಾಳೆ. ನಾನು ಸುಮ್ಮನಿದ್ದೇನೆ. ಮೊದಲು ನನಗೆ ನೂರೆಂಟು ಚಿಂತೆಗಳಿದ್ದವು. ಈಗ ಇರುವುದು ಒಂದೇ. ಅದು ಬನ್ನಿ ಗಿಡದ ಬುಡದಲ್ಲಿ, ಒಂದು ಗೇಣು ಆಳದಲ್ಲಿದೆ. ಈರಣ್ಣ ಯಂತ್ರವನ್ನು ಇನ್ನೂ ಮಾರಿಲ್ಲ.