ಜೋಳದ ಹಿಟ್ಟಿಗೆ ಹೊರಟ ಫಕೀರಗೌಡನ ನಿಶ್ಶಬ್ದ ದಿಗ್ವಿಜಯ

ಯಾವ ಯುಗದಲ್ಲಿ ಕುದುರೆಗಳು ಲಾಯ ತೊರೆದು ಎಂಜಿನ್ನುಗಳ ಹೊಟ್ಟೆ ಹೊಕ್ಕವೋ, ಯಾವ ಯುಗದಲ್ಲಿ ಗಂಡಸಿನ ಘನತೆಯನ್ನು ಅವನ ಕುಲದಿಂದಲ್ಲ, ಅವನ ಗಾಡಿಯ ಸೈಲೆನ್ಸರಿನ ಸದ್ದಿನಿಂದ ಅಳೆಯತೊಡಗಿದರೋ, ಆ ಧೂಮಯುಗದ ಕೊನೆಯ ಪಾದದಲ್ಲಿ, ಕಪ್ಪತಗುಡ್ಡದ ಗಾಳಿ ಬೀಸುವ ಗದಗ-ಬೆಟಗೇರಿ ಎಂಬ ಜೋಡಿ ನಗರದ ಹಾಲಗೇರಿ ಓಣಿಯಲ್ಲಿ, ಪೆಟ್ರೋಲ್‌ಪಾನಮತ್ತ-ಲೋಹತುರಗಾರೂಢನೂ, ಕಿಕ್ಕರ್‌ತಾಡನಚಂಡನೂ, ಬ್ಯಾಟರೀವಾಹನಕುಲಕುಠಾರನೂ ಆದ ಫಕೀರಗೌಡ ಹೊಳೆಯಣ್ಣವರ ಎಂಬ ಮಹಾವೀರನಿದ್ದನು. ಎಲೈ ವಾಗ್ದೇವಿಯೇ, ಆತನ ಸಾಹಸವನ್ನು ಹೇಳಹೊರಟ ಈ ನಾಲಗೆಗೆ ನಾಲ್ಕು ಹನಿ ಎಂಜಿನ್ ಆಯಿಲ್ ಬಿಡು. ನಡುದಾರಿಯಲ್ಲಿ ನಿಂತುಹೋಗದಂತೆ ಕಾಯು.

ಗೌಡನು ಹೊಟ್ಟೆಪಾಡಿಗೆ ವಿದ್ಯುತ್ ಕಚೇರಿಯ ಬಿಲ್ಲಿನ ವಿಭಾಗದಲ್ಲಿ ಗುಮಾಸ್ತನಾಗಿದ್ದನು. ಆದರೆ ಅವನ ಆತ್ಮವು ಆ ಕಚೇರಿಯ ಹೊರಗೆ, ಬೇವಿನ ಮರದ ನೆರಳಿನಲ್ಲಿ, ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಕೊಂಡು ನಿಂತಿರುತ್ತಿತ್ತು. ಅದು ಅವನ ಮೋಟರ್‌ಸೈಕಲ್ಲು. ತಂದೆಯ ಕಾಲದ್ದು, ಕಪ್ಪು ಬಣ್ಣದ್ದು, ಐರಾವತವೆಂಬ ಹೆಸರಿನದು. ಅದು ಉಸಿರಾಡಿದರೆ ಓಣಿಯ ಕಿಟಕಿಗಳ ಗಾಜು ಅದುರುತ್ತಿದ್ದವು. ಅದು ಕೆಮ್ಮಿದರೆ ನಾಯಿಗಳು ಗಟಾರ ಹಾರಿ ಓಡುತ್ತಿದ್ದವು. ಆ ದುಡುದುಡು ನಿನಾದವು ಊರಬಾಗಿಲಾದ ಅಗಸಿಯನ್ನು ದಾಟುವಷ್ಟರಲ್ಲೇ ಗೌಡನ ಆಗಮನವಾರ್ತೆಯು ಊರಿಗೆಲ್ಲ ಮುಟ್ಟುತ್ತಿತ್ತು.

ಆ ನಿನಾದದ ಪ್ರಭಾವವನ್ನು ಗೌಡನು ದಿನವೂ ಕಣ್ಣಾರೆ ಕಾಣುತ್ತಿದ್ದನು. ಓಣಿಯ ತಿರುವಿನಲ್ಲಿ ಮಾಬೂಸಾಬನ ಚಹಾದ ಅಂಗಡಿ. ಅವನು ಬಂದು ಗಾಡಿ ನಿಲ್ಲಿಸಿದಾಗಲೆಲ್ಲ ಅಲ್ಲಿಯ ಬೆಂಚು ಖಾಲಿಯಾಗಿರುತ್ತಿತ್ತು. ಅರ್ಧ ಕುಡಿದ ಕಪ್ಪುಗಳು ಇನ್ನೂ ಹಬೆಯಾಡುತ್ತಿರುತ್ತಿದ್ದವು. ಕುಡಿದವರು ಮಾತ್ರ ಇರುತ್ತಿರಲಿಲ್ಲ. ಸಿಂಹವು ನೀರಿಗೆ ಬಂದಾಗ ಜಿಂಕೆಗಳು ದೂರ ಸರಿದು ನಿಲ್ಲುವುದಿಲ್ಲವೇ, ಹಾಗೆ ಇವರು ತನ್ನ ಮೇಲಿನ ಗೌರವದಿಂದ ಜಾಗ ಬಿಡುತ್ತಾರೆಂದು ಗೌಡನು ಬಗೆದಿದ್ದನು. ಸಿಕ್ಕವರು ಒಬ್ಬಿಬ್ಬರೇ ಆದರೂ ಅವರ ಮುಂದೆ ಅವನು ಗರ್ಜಿಸುತ್ತಿದ್ದನು.

"ಬ್ಯಾಟರಿ ಗಾಡಿ ಅಂದ್ರ ಏನಂತ ತಿಳಿದೀರಿ? ನಿಮ್ಮ ಕಿಸೆದಾಗಿನ ಮೊಬೈಲಿಗೆ ಎರಡ ಗಾಲಿ ಹಚ್ಚಿದಂಗ. ಎರಡ ವರ್ಷಕ್ಕ ಮೊಬೈಲ್ ಬ್ಯಾಟರಿ ಉಬ್ಬತೈತೋ ಇಲ್ಲೋ? ಹಂಗ ಇದೂ ಉಬ್ಬತೈತಿ. ಹೊಸಾ ಬ್ಯಾಟರಿ ಹಾಕಿಸಾಕ ಹೋದ್ರ ಹೊಲಾ ಮಾರಬೇಕು. ನಾ ಕರೆಂಟಿನ ಮನ್ಯಾಗ ಇದ್ದಾವ. ಅದರ ಗುಣಾ ನನಗ ಗೊತ್ತೈತಿ. ಈ ಫಕೀರಗೌಡ ಬ್ಯಾಟರಿ ಗಾಡಿ ಮ್ಯಾಲ ಕುಂತಾ ಅಂದ್ರ, ಈ ಮೀಸಿ ಇರೂದಿಲ್ಲ."

ಹೀಗೆ ಮೀಸೆಯನ್ನು ಮುಟ್ಟಿ ಅವನು ಆಣೆಯಿಟ್ಟ ವಾರವೇ ಅವನ ಧರ್ಮಪತ್ನಿ, ಪ್ರಾಥಮಿಕ ಶಾಲೆಯ ಶಿಕ್ಷಕಿ ನೀಲಗಂಗಾ, ತನ್ನ ಸಂಬಳದಲ್ಲಿ ಒಂದು ಬ್ಯಾಟರಿ ಸ್ಕೂಟರು ತಂದಳು. ಹಾಲುಬಣ್ಣದ ಆ ವಾಹನವು ಬೆಕ್ಕು ಅಡುಗೆಮನೆ ಹೊಕ್ಕಂತೆ ಸದ್ದಿಲ್ಲದೆ ಅಂಗಳ ಹೊಕ್ಕಿತು. ಅಂದಿನಿಂದ ಐರಾವತದ ಪಕ್ಕದಲ್ಲೇ ಅದರ ಠಿಕಾಣಿ. ರಾತ್ರಿ ಅದು ಗೋಡೆಯ ಪ್ಲಗ್ಗಿನಿಂದ ಕರೆಂಟು ಹೀರುವುದನ್ನು ಕಂಡಾಗ ಗೌಡನಿಗೆ ಶತ್ರುವೊಬ್ಬ ತನ್ನದೇ ಮನೆಯಲ್ಲಿ ಊಟಕ್ಕೆ ಕುಳಿತಂತೆ ಆಗುತ್ತಿತ್ತು.

"ನಡುದಾರ್‍ಯಾಗ ಕೈ ಕೊಡತೈತಿ, ನೋಡಕೊಂತಿರು," ಎಂದನು.

"ನಿಮ್ಮ ಐರಾವತ ಕೈ ಕೊಟ್ಟಿದ್ದು ಎಷ್ಟ ಸರತಿ ಅಂತ ಗ್ಯಾರೇಜಿನವ್ರಿಗೆ ಕೇಳಬೇಕು," ಎಂದಳು ನೀಲಗಂಗಾ, ಮಕ್ಕಳ ಪೇಪರು ತಿದ್ದುತ್ತಲೇ.

ಹೀಗಿರಲು ಶ್ರಾವಣದ ಒಂದು ಭಾನುವಾರ ಮುಂಜಾನೆ ಆ ಮಹಾಸಮರಕ್ಕೆ ನಾಂದಿಯಾಯಿತು. ನೀಲಗಂಗೆಯ ಅಣ್ಣ ರೋಣದಿಂದ ಊಟಕ್ಕೆ ಬರುವವನಿದ್ದನು. ಬಿಸಿ ರೊಟ್ಟಿಯಿಲ್ಲದೆ ತುತ್ತೆತ್ತದ ಮನುಷ್ಯ. ಮನೆಯಲ್ಲಿ ನೋಡಿದರೆ ಜೋಳದ ಹಿಟ್ಟು ತೀರಿತ್ತು. ಜೋಳ ತುಂಬಿದ ಡಬ್ಬಿಯನ್ನು ಗಂಡನ ಮುಂದಿಟ್ಟು ಅವಳು, "ಗಿರಣಿಗೆ ಹೋಗಿ ಬೀಸಿಕೊಂಡ ಬರ್ರಿ. ತಡಾ ಮಾಡಬ್ಯಾಡ್ರಿ," ಎಂದು ಅಪ್ಪಣೆ ಕೊಡಿಸಿದಳು.

ವೀರನು ಎದ್ದನು. ಚರ್ಮದ ಕೋಟು ತೊಟ್ಟನು. ಐರಾವತದ ಬೆನ್ನೇರಿ ಬಲಗಾಲನ್ನೆತ್ತಿ, ಪಾತಾಳವನ್ನೇ ಮೆಟ್ಟುವವನಂತೆ ಕಿಕ್ಕರ್ ಮೆಟ್ಟಿದನು. ಐರಾವತವು "ಫುಸ್" ಎಂದಿತು. ಮತ್ತೆ ಮೆಟ್ಟಿದನು. ಮತ್ತೆ ಫುಸ್. ರಾತ್ರಿಯ ಜಿಟಿಜಿಟಿ ಮಳೆಯಲ್ಲಿ ನೆನೆದಿದ್ದ ಆ ವೃದ್ಧಗಜವು ಇಂದು ಏಳುವುದಿಲ್ಲವೆಂದು ಮನಸ್ಸು ಮಾಡಿತ್ತು. ಗೌಡನು ಪ್ಲಗ್ಗು ಬಿಚ್ಚಿ ಊದಿದನು, ಒರೆಸಿದನು, ಹಾಕಿದನು. ಗಾಡಿಯನ್ನು ಎಡಕ್ಕೆ ವಾಲಿಸಿದನು, ಬಲಕ್ಕೆ ವಾಲಿಸಿದನು. ಕಿವಿಯಲ್ಲಿ ಪ್ರೀತಿಯ ಮಾತು ಹೇಳಿದನು, ಆಮೇಲೆ ಪ್ರೀತಿಯಲ್ಲದ್ದನ್ನೂ ಹೇಳಿದನು. ಕೋಟಿನೊಳಗೆ ಬೆವರು ಹಳ್ಳವಾಗಿ ಹರಿಯಿತು. ಕೊನೆಯ ಒದೆತಕ್ಕೆ ಕಿಕ್ಕರ್ ತಿರುಗಿ ಬಂದು ಮೊಣಕಾಲಿಗೆ ಬಡಿಯಿತು. ಅಲ್ಲಿಗೆ ಆ ಯುದ್ಧ ಮುಗಿಯಿತು.

ನೀಲಗಂಗಾ ಬಾಗಿಲಿಗೆ ಬಂದು ಸ್ಕೂಟರಿನ ಕೀಲಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ಪ್ರತಿಜ್ಞೆ ಒಂದು ಕಡೆ, ರೋಣದ ಅಣ್ಣ ಒಂದು ಕಡೆ. ಗೌಡನು ಬಹಳ ಹೊತ್ತು ಯೋಚಿಸಿ, ಕಡೆಗೆ ವೇಷ ಮರೆಸಿ ಹೋಗುವುದೇ ಕ್ಷೇಮವೆಂದು ನಿಶ್ಚಯಿಸಿದನು. ಅವನ ಚರ್ಮದ ಕೋಟನ್ನು ಗುರುತಿಸದವರು ಊರಿನಲ್ಲಿ ಇರಲಿಲ್ಲ. ಅದನ್ನು ಕಳಚಿ ಹೆಂಡತಿಯ ನೇರಳೆ ಬಣ್ಣದ ಮಳೆಕೋಟು ತೊಟ್ಟನು. ಮುಖ ಪೂರ್ತಿ ಮುಚ್ಚುವ, ಕಪ್ಪು ಗಾಜಿನ, ಮೇಲೊಂದು ಹೂವಿನ ಚಿತ್ರವಿದ್ದ ಅವಳದೇ ಹೆಲ್ಮೆಟ್ಟು ಧರಿಸಿದನು. ಇಪ್ಪತ್ತು ವರ್ಷಗಳ ಸಂಸಾರವು ಇಬ್ಬರ ಮೈಯನ್ನೂ ಹೆಚ್ಚುಕಡಿಮೆ ಒಂದೇ ಅಳತೆಗೆ ತಂದು ನಿಲ್ಲಿಸಿತ್ತಾದ್ದರಿಂದ ಗುಂಡಿಗಳು ಸರಿಯಾಗಿ ಕೂತವು. ಡಬ್ಬಿಯನ್ನು ಕಾಲ ಬಳಿ ಇಟ್ಟುಕೊಂಡು ಶತ್ರುವಿನ ಬೆನ್ನೇರಿದನು.

ಆಹಾ, ಆ ಪ್ರಯಾಣವನ್ನು ಏನೆಂದು ಬಣ್ಣಿಸಲಿ. ಎಡಗಾಲು ಇಲ್ಲದ ಗೇರನ್ನು ಹುಡುಕಿತು, ಎಡಗೈ ಇಲ್ಲದ ಕ್ಲಚ್ಚನ್ನು ಹುಡುಕಿತು. ಗಾಡಿ ಚಾಲೂ ಆಗಿದೆಯೋ ಇಲ್ಲವೋ ತಿಳಿಯದೆ ಅವನು ಕಿವಿಗೊಟ್ಟು ಕೇಳಿದನು. ಕೇಳುವಷ್ಟರಲ್ಲಿ ಅಗಸಿ ದಾಟಿ ಹೋಗಿತ್ತು. ಏರಿನಲ್ಲಿ ಈ ಗಾಡಿ ಉಸಿರು ಬಿಡುತ್ತದೆಂದು ಕಾದನು. ಅದು ಏರನ್ನು ಏರೆಂದೇ ಲೆಕ್ಕ ಹಿಡಿಯಲಿಲ್ಲ. ನಾಯಿಗಳು ತಲೆ ಎತ್ತಲಿಲ್ಲ. ದಾರಿಯ ನಡುವೆ ನಿಂತು ಕಾಯಿಪಲ್ಯ ಕೊಳ್ಳುತ್ತಿದ್ದ ಮುದುಕಿಯೊಬ್ಬಳು ಅವನು ಬೆನ್ನ ಹಿಂದೆಯೇ ಬಂದು ನಿಂತರೂ ಸರಿಯಲಿಲ್ಲ. ತಾನು ಸತ್ತು, ತನ್ನ ಪ್ರೇತವೇ ಊರಿನಲ್ಲಿ ಅಡ್ಡಾಡುತ್ತಿದೆಯೇನೋ ಎಂದು ಗೌಡನಿಗೆ ಅನ್ನಿಸಿತು. ಹೇಗೋ ಗಿರಣಿ ಮುಟ್ಟಿ, ತುಟಿ ಬಿಚ್ಚದೆ ಕೈಸನ್ನೆಯಲ್ಲೇ ವ್ಯವಹರಿಸಿ, ಬಿಸಿ ಹಿಟ್ಟು ತುಂಬಿದ ಡಬ್ಬಿಯೊಡನೆ ವಿಜಯಿಯಾಗಿ ಹಿಂದಿರುಗಿದನು.

ಆದರೆ ವಿಧಿಯು ಹಾಲಗೇರಿ ಓಣಿಯ ತಿರುವಿನಲ್ಲಿ ಉಳ್ಳಾಗಡ್ಡಿ ಚೀಲ ಹೇರಿದ ಟ್ರ್ಯಾಕ್ಟರಿನ ರೂಪದಲ್ಲಿ ಕಾದಿತ್ತು. ಅದು ಹಿಂದಕ್ಕೆ ಮುಂದಕ್ಕೆ ಸರಿಯುತ್ತ ಓಣಿಯನ್ನೇ ಕಟ್ಟಿಹಾಕಿತ್ತು. ಗೌಡನು ನಿಲ್ಲಲೇಬೇಕಾಯಿತು. ನಿಂತದ್ದು ಮಾಬೂಸಾಬನ ಅಂಗಡಿಯ ನೇರ ಮುಂದೆ.

ಅವನು ಓರೆಗಣ್ಣಿನಿಂದ ನೋಡಿದನು. ಬೆಂಚು ತುಂಬಿತ್ತು. ಅವನು ಎಂದೂ ಕಾಣದಷ್ಟು ತುಂಬಿತ್ತು. ನಡುವೆ ನಿವೃತ್ತ ಡ್ರಿಲ್ ಶಿಕ್ಷಕ ದುರುಗಪ್ಪ ಮಾಸ್ತರನು ಎದ್ದು ನಿಂತು, ಹೊಟ್ಟೆ ಮುಂದೆ ಮಾಡಿ, ಮೀಸೆಯಿಲ್ಲದಲ್ಲಿ ಮೀಸೆ ತಿರುವುತ್ತ, "ನಾ ಕರೆಂಟಿನ ಮನ್ಯಾಗ ಇದ್ದಾವ. ಅದರ ಗುಣಾ ನನಗ ಗೊತ್ತೈತಿ," ಎನ್ನುತ್ತಿದ್ದನು. ಬೆಂಚೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಗೌಡನ ಕೈ ತಾನಾಗಿ ಮೀಸೆಗೆ ಹೋಗಿ ಹೆಲ್ಮೆಟ್ಟಿನ ಗಾಜಿಗೆ ಬಡಿಯಿತು.

ಅಷ್ಟರಲ್ಲಿ ಮಾಬೂಸಾಬನ ಕಣ್ಣು ನೇರಳೆ ಕೋಟಿನ ಮೇಲೆ ಬಿತ್ತು. "ನಮಸ್ಕಾರ್ರೀ ಅಕ್ಕೋರ," ಎಂದನು. "ತಪ್ಪ ತಿಳ್ಕೋಬ್ಯಾಡ್ರಿ. ಮಾಸ್ತರು ಸುಮ್ನ ಚ್ಯಾಷ್ಟಿ ಮಾಡಾಕತ್ತಾರ."

ಹೆಲ್ಮೆಟ್ಟು ಮೆಲ್ಲನೆ ಅಲ್ಲಾಡಿತು.

ಬಟ್ಟೆ ಅಂಗಡಿಯ ಗವಿಶಿದ್ದಪ್ಪ ಎದ್ದು ಬಂದನು. ಗೌಡನು ಮಾತಾಡುವಾಗಲೆಲ್ಲ "ಖರೆ, ಖರೆ" ಎಂದು ತಲೆಯಾಡಿಸುತ್ತಿದ್ದವನು, ಗೌಡನ ಬಲಗೈಯಂಥವನು ಅವನೇ. ದನಿ ತಗ್ಗಿಸಿ ಹೇಳಿದನು: "ಅಕ್ಕೋರ, ನೀವ ಆಗಿದ್ದಕ್ಕ ಹೇಳತೀನಿ. ನಾನೂ ಮಾಸ್ತರೂ ಇಂಥಾದ್ದ ಬುಕ್ ಮಾಡೇವಿ. ಬರೂ ವಾರ ಬರತೈತಿ. ಗೌಡ್ರಿಗೆ ಅಷ್ಟ ಹೇಳಬ್ಯಾಡ್ರಿ. ಹೇಳಿದ್ರ ನಮ್ಮ ತಲಿ ತಿಂತಾರ."

"ಮನಷ್ಯಾ ಚಲೋನ ಅದಾರ ಬಿಡ್ರಿ ಗೌಡ್ರು," ಎಂದನು ಮಾಬೂಸಾಬ. "ಆದ್ರ ಮಾತಿಗೆ ಬ್ರೇಕಿಲ್ಲ. ಅವ್ರ ಗಾಡಿ ಸಪ್ಪಳ ಅಗಸಿ ಕಡೆ ಕೇಳ್ತಂದ್ರ ಗಿರಾಕಿ ಎಲ್ಲಾ ಚಹಾ ಬಿಟ್ಟ ಓಡತಾರ. ಪುಣ್ಯಾ, ಅದೊಂದ ಸಪ್ಪಳ ಐತಿ, ಮೊದಲ ಗೊತ್ತಾಗತೈತಿ. ಅವರೂ ಇಂಥಾ ಗಾಡಿ ತಗೊಂಡ್ರಂದ್ರ ನಮ್ಮ ಗತಿ ಏನ್ರಿ?"

ಬೆಂಚು ಮತ್ತೆ ನಕ್ಕಿತು. ಕಪ್ಪು ಗಾಜಿನ ಹಿಂದೆ ಎರಡು ಕಣ್ಣುಗಳು ಕೆಂಪಾದವು. ಸಿಂಹಕ್ಕೆ ಅಂಜಿದ್ದಲ್ಲ, ಸಿಂಹದ ಭಾಷಣಕ್ಕೆ ಅಂಜಿದ್ದು. ಬಲಗೈಯಂಥವನೇ ಶತ್ರುವಿನ ಪಾಳೆಯಕ್ಕೆ ಬುಕಿಂಗ್ ಮಾಡಿದ್ದ. ಇಷ್ಟು ವರ್ಷ ತಾನು ಖಾಲಿ ಬೆಂಚಿನ ಮೇಲೆ ಒಬ್ಬನೇ ಕುಳಿತು ಕುಡಿದ ಚಹಾಗಳೆಲ್ಲ ಒಮ್ಮೆಗೇ ಲೆಕ್ಕಕ್ಕೆ ಬಂದವು. ಅಳು ಬಂದಿತೋ ಸಿಟ್ಟು ಬಂದಿತೋ ಅವನಿಗೇ ತಿಳಿಯಲಿಲ್ಲ. ಗೌಡರ ಮನೆತನದವನಾದ್ದರಿಂದ ಸಿಟ್ಟೆಂದೇ ಹಿಡಿದನು.

ಇಂಥ ಸಂದರ್ಭದಲ್ಲಿ ಅವನು ಮಾಡುತ್ತಿದ್ದುದು ಒಂದೇ. ನಿಂತಲ್ಲಿಯೇ ಎಕ್ಸಲರೇಟರ್ ಹಿಂಡಿ, ಐರಾವತದಿಂದ ದಿಗಂತಭೇದಿಯಾದ ಒಂದು ಆರ್ಭಟವನ್ನು ಮಾಡಿಸಿ, ಹೊಗೆ ಬಿಟ್ಟು ಹೊರಟುಹೋಗುವುದು. ಬಲಗೈಯು ಯಜಮಾನನನ್ನು ಕೇಳದೆ ತನ್ನ ಹಳೆಯ ಅಭ್ಯಾಸವನ್ನು ಮಾಡಿತು. ಪೂರ್ತಿ ಹಿಂಡಿತು.

ಆರ್ಭಟ ಬರಲಿಲ್ಲ. ಗಾಡಿಯೇ ಹೋಯಿತು. ಬಿಲ್ಲಿನಿಂದ ಬಿಟ್ಟ ಬಾಣದಂತೆ, ಒಂದು ನಿಟ್ಟುಸಿರಿನಷ್ಟೂ ಸದ್ದು ಮಾಡದೆ ಚಿಮ್ಮಿ, ಮಾಬೂಸಾಬನ ನೀಲಿ ನೀರಿನ ಡ್ರಮ್ಮಿಗೆ ಎದೆಗೊಟ್ಟಿತು. ಡ್ರಮ್ಮು ಉರುಳಿತು. ಗೌಡನು ಉರುಳಿದನು. ಡಬ್ಬಿಯ ಮುಚ್ಚಳ ಹಾರಿ, ಹಿಟ್ಟು ಮೇಘವಾಗಿ ಎದ್ದು, ಹೂಮಳೆಯಾಗಿ ಅವನ ಮೇಲೆಯೇ ಸುರಿಯಿತು. ಮೇಲಿಂದ ಹಿಟ್ಟು, ಕೆಳಗಿಂದ ನೀರು. ನಡುವೆ ಬಿದ್ದು ಹೊರಳಿದ ವೀರನು ಏಳುವಷ್ಟರಲ್ಲಿ ನಾದುವ ಕೆಲಸ ತಾನಾಗಿಯೇ ಮುಗಿದಿತ್ತು.

"ಅಯ್ಯ, ಅಕ್ಕೋರು ಬಿದ್ರು," ಎಂದು ಎಲ್ಲರೂ ಓಡಿಬಂದರು. ಎತ್ತಿ ಬೆಂಚಿನ ಮೇಲೆ ಕೂರಿಸಿದರು. ಉಸಿರಾಡಲೆಂದು ಗವಿಶಿದ್ದಪ್ಪನು ಹೆಲ್ಮೆಟ್ಟು ತೆಗೆದನು.

ಒಳಗಿನಿಂದ ಗೌಡನ ಮೀಸೆ ಹೊರಬಂದಿತು. ಉಳ್ಳಾಗಡ್ಡಿಯ ಟ್ರ್ಯಾಕ್ಟರು ಅದೇ ಹೊತ್ತಿಗೆ ಎಂಜಿನ್ ಆರಿಸಿತು.

ಮೊದಲು ಬಾಯಿಬಿಟ್ಟವನು ದುರುಗಪ್ಪ ಮಾಸ್ತರ. ಅಡಿಯಿಂದ ಮುಡಿಯವರೆಗೆ ನೋಡಿ, "ಹಿಟ್ಟ ಚಲೋ ನಾದೈತಿ," ಎಂದನು. "ಬಡಿಯೂದೊಂದ ಬಾಕಿ."

ನಗಬೇಕೆನ್ನಿಸಿದವರು ಚಪ್ಪಲಿ ನೋಡಿಕೊಂಡರು. ಗವಿಶಿದ್ದಪ್ಪನು ಹೆಲ್ಮೆಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತನು. ಮಾಬೂಸಾಬನು ಒಂದು ಕಪ್ಪು ಚಹಾ ತಂದು ಗೌಡನ ಕೈಗಿಟ್ಟನು. "ಕುಡೀರಿ ಗೌಡ್ರ. ಬಿಸಿ ಐತಿ."

ಗೌಡನು ಕುಡಿದನು. ಎಡಕ್ಕೆ ಒಬ್ಬ, ಬಲಕ್ಕೆ ಒಬ್ಬ, ಮುಂದೆ ಮೂವರು. ತುಂಬಿದ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುವುದು ಹೀಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಚೆನ್ನಾಗಿತ್ತು. ಅದೇ ಕಾರಣಕ್ಕೆ ಇನ್ನಷ್ಟು ಸಿಟ್ಟು ಬಂದಿತು. ಕಪ್ಪು ಕೆಳಗಿಟ್ಟು, "ನೋಡಿದ್ರಿಲ್ಲ?" ಎಂದನು. "ಇದಕ್ಕ ನಾ ಹೇಳತಿದ್ದೆ. ಈ ಗಾಡಿ ನಂಬಬ್ಯಾಡ್ರಿ ಅಂತ."

"ಖರೆ, ಖರೆ," ಎಂದನು ಗವಿಶಿದ್ದಪ್ಪ, ಅಭ್ಯಾಸಬಲದಿಂದ.

ಸ್ಕೂಟರಿಗೆ ಒಂದು ಗೀರಿನ ಹೊರತು ಏನೂ ಆಗಿರಲಿಲ್ಲ. ಕೀಲಿ ತಿರುಗಿಸಿದರೆ ದೀಪ ಹತ್ತಿತು. ಆದರೆ ಇಷ್ಟು ಜನರ ಕಣ್ಣೆದುರು ಅದರ ಮೇಲೆ ಮತ್ತೆ ಕುಳಿತರೆ ಪ್ರತಿಜ್ಞೆಯ ಗತಿಯೇನು? ಖಾಲಿ ಡಬ್ಬಿಯನ್ನು ಮುಂದಿಟ್ಟುಕೊಂಡು, ಹ್ಯಾಂಡಲ್ ಹಿಡಿದು, ಗೌಡನು ತಳ್ಳತೊಡಗಿದನು.

"ಚಾಲೂ ಐತಲ್ರಿ ಗೌಡ್ರ, ಹತ್ತಿ ಹೋಗ್ರಿ," ಎಂದನು ಮಾಬೂಸಾಬ.

ವೀರನು ತಿರುಗಿ ನೋಡಲಿಲ್ಲ. ಮೊಣಕಾಲು ನೋಯುತ್ತಿತ್ತು, ಹಿಟ್ಟು ಕೊರಳೊಳಗೆ ಇಳಿಯುತ್ತಿತ್ತು. ಓಣಿಯಲ್ಲಿ ಸ್ವಲ್ಪ ದೂರ ಹೋದಾಗ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಹಿರಿಯರೊಬ್ಬರು ಕನಿಕರದಿಂದ ಕೇಳಿದರು: "ಯಾಕೋ ಫಕೀರಗೌಡ, ಬ್ಯಾಟರಿ ಖಾಲಿ ಆತೇನು?"

ಗೌಡನು ನಿಂತನು. ಆ ದಿನ ಬೆಳಗಿನಿಂದ ಕಂಗೆಟ್ಟಿದ್ದ ಅವನ ಮುಖದ ಮೇಲೆ, ಹಿಟ್ಟಿನ ಅಡಿಯಲ್ಲಿ, ಒಂದು ಮಹಾತೇಜಸ್ಸು ಉದಯಿಸಿತು.

"ಹೌದ್ರಿ ಕಾಕಾ," ಎಂದನು. "ಖಾಲಿ ಆತು."

"ನೀ ಹೇಳತಿದ್ದಿ ಬಿಡು."

"ಹೇಳತಿದ್ದೆ. ಯಾರ ಕೇಳತಾರ?"

ಮುಂದಿನ ಮನೆಯವರು ಕೇಳಿದಾಗ ಬ್ಯಾಟರಿಯು ಗಿರಣಿಯ ಹತ್ತಿರವೇ ಖಾಲಿಯಾಗಿತ್ತು. ಅದರ ಮುಂದಿನ ಮನೆಯಲ್ಲಿ, ಖಾಲಿಯಾಗುವ ಮೊದಲು ಬಿಸಿಯೂ ಆಗಿತ್ತು. ಸ್ವಂತ ಮನೆಯ ಅಂಗಳ ಮುಟ್ಟುವಷ್ಟರಲ್ಲಿ ಅದು ಹೊಗೆಯಾಡಿ, ಅವನು ಪ್ರಾಣ ಪಣಕ್ಕಿಟ್ಟು ಹಾರಿ ಉಳಿದಿದ್ದನು. ಓಣಿಯೆಲ್ಲ ಲೊಚಗುಟ್ಟಿತು. ಆ ಕಥೆಯನ್ನು ಓಡಿಸಿದಷ್ಟು ಸುಖದಿಂದ ಅವನು ಯಾವ ಗಾಡಿಯನ್ನೂ ಓಡಿಸಿರಲಿಲ್ಲ.

ನೀಲಗಂಗಾ ಹೊಸ್ತಿಲ ಮೇಲೆ ನಿಂತಿದ್ದಳು.

"ಬ್ಯಾಟರಿ ಖಾಲಿ ಆತು," ಎಂದನು ಗೌಡ.

ಅವಳು ಸ್ಕೂಟರಿನ ಹತ್ತಿರ ಬಂದು ಬಗ್ಗಿ ನೋಡಿದಳು. ಅವನು ಕೀಲಿ ಆರಿಸುವುದನ್ನು ಮರೆತಿದ್ದನು. ಮುಂದಿನ ಫಲಕದಲ್ಲಿ ಹಸಿರು ಪಟ್ಟಿಗಳು ಹೆಚ್ಚುಕಡಿಮೆ ತುಂಬಿಯೇ ಬೆಳಗುತ್ತಿದ್ದವು. ಅವಳು ಫಲಕವನ್ನು ನೋಡಿದಳು, ಖಾಲಿ ಡಬ್ಬಿಯನ್ನು ನೋಡಿದಳು, ತನ್ನ ನೇರಳೆ ಕೋಟಿನಿಂದ ಮುದ್ದೆಮುದ್ದೆಯಾಗಿ ಇಳಿಯುತ್ತಿದ್ದ ಹಿಟ್ಟನ್ನು ನೋಡಿದಳು. ಕೀಲಿ ಆರಿಸಿ ಸೆರಗಿಗೆ ಕಟ್ಟಿಕೊಂಡಳು.

"ಕೋಟ ಹಿತ್ತಲದಾಗ ಬಿಚ್ಚಿ ಹಾಕ್ರಿ," ಎಂದಳು. "ಕೈಕಾಲ ತೊಳಕೊಂಡ ಬರ್ರಿ. ಅಣ್ಣ ಆಗಲೇ ಬಂದ ಕುಂತಾನ. ಅನ್ನಕ್ಕ ಇಟ್ಟೀನಿ."

ಇಂತು ಬ್ಯಾಟರೀವಾಹನಕುಲಕುಠಾರನ ದಿಗ್ವಿಜಯವು ಸಮಾಪ್ತವಾಯಿತು. ಇದನ್ನು ಶ್ರದ್ಧೆಯಿಂದ ಕೇಳಿದವರಿಗೆ ಸಂಪತ್ತಾಗಲಿ ಸಂತಾನವಾಗಲಿ ದೊರೆತ ಸುದ್ದಿಯಿಲ್ಲ. ಗೌಡನಿಗೆ ಮಾತ್ರ ಅಂದು ಮಧ್ಯಾಹ್ನ ಅನ್ನ ಸಾರು ದೊರೆಯಿತು. ಸಾರಿಗೆ ಉಪ್ಪು ತುಸು ಕಡಿಮೆಯಾಗಿತ್ತು. ಅವನು ಕೇಳಲಿಲ್ಲ.